ಬರ್ನರ್ ಕೈಕೊಡುವ ಮೊದಲೇ ಹಿಡಿಯಿರಿ: ಫೈಬರ್ ಎಳೆಯಿಂದ ಬಿಸಿ ಅಳೆಯುವುದು ಹೇಗೆ?

ಪೀಣ್ಯ, ಬೊಮ್ಮಸಂದ್ರ, ಜಿಗಣಿ ಕಡೆ ಬರ್ನರ್ ಇರುವ ಕಾರ್ಖಾನೆಗಳಿಗೆ ಲೆಕ್ಕವಿಲ್ಲ. ಪೌಡರ್ ಕೋಟಿಂಗ್ ಓವನ್, ಹೀಟ್ ಟ್ರೀಟ್‌ಮೆಂಟ್ ಫರ್ನೇಸ್, ಬಾಯ್ಲರ್, ಎಲ್ಲದಕ್ಕೂ ಅದೇ ಜೀವಾಳ. ಅದು ಕೆಟ್ಟಿದೆ ಅಂತ ನಮಗೆ ಗೊತ್ತಾಗುವುದು ಯಾವಾಗ? ಬೆಂಕಿ ಆರಿದ್ದನ್ನು ಗುರುತಿಸುವ ಫ್ಲೇಮ್ ಸೆನ್ಸರ್ ಟ್ರಿಪ್ ಆಗಿ ಲೈನ್ ನಿಂತಾಗ, ಇಲ್ಲವೇ ಫರ್ನೇಸ್ ಮೈಮೇಲಿನ ಪೇಂಟ್ ಸುಟ್ಟು ಕರಿಗಟ್ಟಿದಾಗ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಒಂದು ಮಾತು ಮೊದಲೇ ಹೇಳಬೇಕು. ಫರ್ನೇಸ್‌ನ ಪ್ಯಾನೆಲ್ 850 ಡಿಗ್ರಿ ತೋರಿಸುತ್ತಿದೆ ಅಂದ ಮಾತ್ರಕ್ಕೆ ಬರ್ನರ್‌ಗಳೆಲ್ಲ ಸರಿಯಾಗಿವೆ ಅಂತ ಅಲ್ಲ. ನಾಲ್ಕು ಬರ್ನರ್‌ಗಳಲ್ಲಿ ಒಂದು ಸೊರಗಿದರೆ ಕಂಟ್ರೋಲರ್ ಉಳಿದವಕ್ಕೆ ಗ್ಯಾಸ್ ಜಾಸ್ತಿ ಕೊಟ್ಟು ಅದೇ 850 ಹಿಡಿದಿಡುತ್ತದೆ. ಅಂದರೆ ಕಂಟ್ರೋಲರೇ ತಪ್ಪನ್ನು ಮುಚ್ಚಿಹಾಕುತ್ತದೆ. ಒಂದೇ ಜಾಗದಲ್ಲಿ ಚುಚ್ಚಿದ, ಬಿಸಿ ಅಳೆಯುವ ಲೋಹದ ತಂತಿಯಾದ ಥರ್ಮೋಕಪಲ್‌ಗೆ ಇದು ಕಾಣುವುದಿಲ್ಲ. ಹತ್ತಾರು ಜಾಗದ ಬಿಸಿಯನ್ನು ಒಟ್ಟಿಗೆ ನೋಡಬೇಕು, ಅಕ್ಕಪಕ್ಕದ ವ್ಯತ್ಯಾಸ ನೋಡಬೇಕು. ಅದಕ್ಕೇ ಫೈಬರ್, ಅಂದರೆ ಬೆಳಕು ಸಾಗಿಸುವ ಗಾಜಿನ ಸಣ್ಣ ಎಳೆ.

ಯಾವ ಬಗೆಯ ಫೈಬರ್?

ಎರಡು ದಾರಿ ಇವೆ. ಒಂದು, ರಾಮನ್ ಪರಿಣಾಮ ಬಳಸುವುದು. ಲೇಸರ್ ಮಿಡಿತವೊಂದನ್ನು ಎಳೆಯೊಳಗೆ ಬಿಟ್ಟರೆ ಅದರ ಒಂದಿಷ್ಟು ಬೆಳಕು ಬಣ್ಣ ಬದಲಿಸಿಕೊಂಡು ಹಿಂದಕ್ಕೆ ಬರುತ್ತದೆ. ಎಳೆ ಎಲ್ಲಿ ಕಾದಿದೆಯೋ ಅಲ್ಲಿಂದ ನೀಲಿಯ ಕಡೆಗೆ ಸರಿದ ಬೆಳಕು ಹೆಚ್ಚು ಬರುತ್ತದೆ. ಅದರಿಂದ ಬಿಸಿ ಎಷ್ಟು ಅಂತ ತಿಳಿಯುತ್ತದೆ, ಬೆಳಕು ವಾಪಸ್ ಬರಲು ಹಿಡಿದ ಹೊತ್ತಿನಿಂದ ಜಾಗ ತಿಳಿಯುತ್ತದೆ. ಸಿ.ವಿ. ರಾಮನ್ ತಮ್ಮ ಈ ಶೋಧದ ಬಗ್ಗೆ 1928ರ ಮಾರ್ಚ್ 16ರಂದು ಉಪನ್ಯಾಸ ಕೊಟ್ಟಿದ್ದು ಬೆಂಗಳೂರಿನಲ್ಲೇ. ನಮ್ಮೂರಿನ ಕಾರ್ಖಾನೆಗಳಿಗೆ ಅದು ಕೆಲಸಕ್ಕೆ ಬರುತ್ತದೆ ಅಂದರೆ ನನಗಂತೂ ತುಂಬಾ ಖುಷಿ.

ಆದರೆ ಇದಕ್ಕೊಂದು ಮಿತಿ ಇದೆ. 10 ನ್ಯಾನೋಸೆಕೆಂಡ್ ಮಿಡಿತ ಬಿಟ್ಟರೆ ಸುಮಾರು 1 ಮೀಟರ್‌ಗಿಂತ ಹತ್ತಿರವಿರುವ ಎರಡು ಜಾಗಗಳ ವ್ಯತ್ಯಾಸ ಸಿಗುವುದಿಲ್ಲ. ಒಂದು ಅಡಿ ಅಗಲದ ಬರ್ನರ್‌ನ ಸುತ್ತಳತೆಯೇ ಹೆಚ್ಚುಕಡಿಮೆ ಅಷ್ಟಿರುತ್ತದೆ, ಅಲ್ವಾ? ಹಾಗಾಗಿ ರಾಮನ್ ಪದ್ಧತಿ ಉದ್ದನೆಯ ಫರ್ನೇಸ್‌ಗೆ, ಸಾಲುಸಾಲು ಬರ್ನರ್ ಇರುವಲ್ಲಿಗೆ ಸರಿ.

ಒಂದೇ ಬರ್ನರ್ ಇದ್ದರೆ ಬ್ರ್ಯಾಗ್ ಗ್ರೇಟಿಂಗ್ ಇರುವ ಫೈಬರ್ ತೆಗೆದುಕೊಳ್ಳಿ. ಎಳೆಯೊಳಗೆ ಬೇಕಾದ ಜಾಗದಲ್ಲಿ ಮಾತ್ರ ಸಣ್ಣ ಗೆರೆಗಳನ್ನು ಬರೆದಿರುತ್ತಾರೆ. ಪ್ರತಿ ಗ್ರೇಟಿಂಗ್ ತನ್ನದೇ ತರಂಗಾಂತರದ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. 1550 ನ್ಯಾನೋಮೀಟರ್ ಆಸುಪಾಸಿನಲ್ಲಿ ಬಿಸಿ ಒಂದು ಡಿಗ್ರಿ ಏರಿದರೆ ಆ ತರಂಗಾಂತರ ಸುಮಾರು 10 ಪಿಕೋಮೀಟರ್ ಸರಿಯುತ್ತದೆ. ಬರ್ನರ್ ಬಾಯಿಯ ಸುತ್ತ ಎಂಟು ಗ್ರೇಟಿಂಗ್ ಇಟ್ಟರೆ ಎಲ್ಲಿ ಎಷ್ಟು ಬಿಸಿ ಅನ್ನುವ ಒಳ್ಳೆಯ ಚಿತ್ರ ಸಿಗುತ್ತದೆ.

ಕವಚ ನೋಡಿ ಕೊಳ್ಳಿ

ಮನೆಗೆ ಇಂಟರ್ನೆಟ್ ತರುವ ಮಾಮೂಲಿ ಫೈಬರ್‌ನ ಅಕ್ರಿಲೇಟ್ ಕವಚ 85 ಡಿಗ್ರಿ ಆಸುಪಾಸಿನವರೆಗೆ ಮಾತ್ರ. ಪಾಲಿಇಮೈಡ್ ಆದರೆ 300ರವರೆಗೆ. ಚಿನ್ನದ ಲೇಪ ಇದ್ದರೆ 700ರವರೆಗೆ ಹೋಗಬಹುದು, ಬೆಲೆಯೂ ಹಾಗೇ ಏರುತ್ತದೆ. ಗ್ರೇಟಿಂಗ್ ಕೂಡ ಜಾಸ್ತಿ ಬಿಸಿಗೆ ನಿಧಾನವಾಗಿ ಅಳಿಸಿಹೋಗುತ್ತದೆ. ಆದ್ದರಿಂದ ಎಳೆಯನ್ನು ಬೆಂಕಿಯೊಳಗೆ ಇಡುವ ಆಸೆ ಬಿಡಿ. ಬೆಂಕಿಯ ಬಿಸಿ ತಡೆಯುವ ಒಳಗೋಡೆಯಾದ ರಿಫ್ರ್ಯಾಕ್ಟರಿಯ ಹಿಂಬದಿ, ಬರ್ನರ್ ಜೋಡಿಸುವ ಬಳೆಯಾದ ಫ್ಲ್ಯಾಂಜ್ ಸುತ್ತ, ಗ್ಯಾಸ್ ಗಾಳಿ ಬೆರೆಯುವ ಪೈಪಿನ ಮೇಲೆ, ಇಷ್ಟು ಸಾಕು.

ಎಳೆ ಕೂರಿಸುವುದು

ಇಲ್ಲಿ ಅವಸರ ಬೇಡ. ಎಳೆಯನ್ನು ಸ್ಟೇನ್‌ಲೆಸ್ ಸ್ಟೀಲ್‌ನ ಸಣ್ಣ ಟ್ಯೂಬಿನೊಳಗೆ ಸಡಿಲವಾಗಿ ಬಿಡಬೇಕು, ಎರಡೂ ತುದಿಗೆ ಅಂಟಿಸಬಾರದು. ಯಾಕೆ ಅಂದರೆ, ಒಂದು ಮೀಟರ್ ಸ್ಟೀಲ್ ಟ್ಯೂಬ್ 300 ಡಿಗ್ರಿ ಕಾದರೆ ಸುಮಾರು 5 ಮಿಲಿಮೀಟರ್ ಹಿಗ್ಗುತ್ತದೆ, ಗಾಜಿನ ಎಳೆ ಕಾಲು ಮಿಲಿಮೀಟರ್ ಕೂಡ ಹಿಗ್ಗುವುದಿಲ್ಲ. ಅಂಟಿಸಿದ್ದರೆ ಎಳೆ ಜಗ್ಗಿಕೊಳ್ಳುತ್ತದೆ. ಗ್ರೇಟಿಂಗ್‌ಗೆ ಜಗ್ಗಿದ್ದೂ ಒಂದೇ, ಕಾದಿದ್ದೂ ಒಂದೇ: ಇಲ್ಲದ ನೂರಾರು ಡಿಗ್ರಿ ತೋರಿಸಿಬಿಡುತ್ತದೆ. ಟ್ಯೂಬ್ ಮಾತ್ರ ಲೋಹದ ಮೈಗೆ ಒತ್ತಿಕೊಂಡಿರಲಿ, ಕ್ಲಾಂಪ್ ಹಾಕಿ, ಚೂಪಾಗಿ ಬಗ್ಗಿಸಬೇಡಿ. ಎರಡು ಎಳೆ ಬೆಸೆದ ಜಾಗ (ಸ್ಪ್ಲೈಸ್) ಬಿಸಿಯಿಂದ ದೂರವಿರಲಿ. ಕನೆಕ್ಟರ್ ಮೇಲೆ ಧೂಳು ಕೂತರೆ ಸಿಗ್ನಲ್ ಹಾಳು, ಪ್ರತಿ ಸಲ ಒರೆಸಿಯೇ ಜೋಡಿಸಿ. ಇಗ್ನಿಷನ್ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಎಳೆ ಹೋದರೂ ಚಿಂತೆಯಿಲ್ಲ, ಗಾಜಿಗೆ ವಿದ್ಯುತ್ ಗದ್ದಲ ತಟ್ಟುವುದಿಲ್ಲ.

ಅಳತೆ ಸರಿ ಇದೆಯಾ?

ಕೂರಿಸುವ ಮೊದಲೇ ಎಳೆಯನ್ನು ಕರಗುತ್ತಿರುವ ಐಸ್‌ನಲ್ಲಿ ಮತ್ತು ಕುದಿಯುವ ನೀರಿನಲ್ಲಿ ಅದ್ದಿ ನೋಡಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಇಲ್ಲಿ ನೀರು ಕುದಿಯುವುದು 97 ಡಿಗ್ರಿ ಸುಮಾರಿಗೆ. 100 ಅಂತ ಹೊಂದಿಸಿಬಿಟ್ಟರೆ ಆ ತಪ್ಪು ಕೊನೆಯವರೆಗೂ ಜೊತೆಗೇ ಬರುತ್ತದೆ. ಮೇಲಿನ ಬಿಸಿಗೆ ಒಳ್ಳೆಯ ಥರ್ಮೋಕಪಲ್ ಜೊತೆ ಓವನ್‌ನಲ್ಲಿಟ್ಟು ಹೋಲಿಸಿ.

ಆರೋಗ್ಯವಾಗಿದ್ದಾಗಿನ ಚಿತ್ರ

ಇದನ್ನು ಬಿಟ್ಟರೆ ಉಳಿದದ್ದೆಲ್ಲ ದಂಡ. ಬರ್ನರ್ ಸರ್ವಿಸ್ ಆದ ತಕ್ಷಣ, ತಣ್ಣಗಿನ ಸ್ಟಾರ್ಟ್, ಲೋ ಫೈರ್ (ಸಣ್ಣ ಬೆಂಕಿ), ಹೈ ಫೈರ್ (ದೊಡ್ಡ ಬೆಂಕಿ), ಮೂರರಲ್ಲೂ ಪ್ರತಿ ಜಾಗದ ಬಿಸಿ ದಾಖಲಿಸಿ. ಗ್ಯಾಸ್ ಒತ್ತಡ, ಬ್ಲೋವರ್ ವೇಗ, ಹೊರಗಿನ ಹವೆ ಕೂಡ ಜೊತೆಗೇ ಬರೆದಿಡಿ. ಆಮೇಲೆ ಅದೇ ಫೈರಿಂಗ್ ಮಟ್ಟದ ಚಿತ್ರದ ಜೊತೆಗೇ ಹೋಲಿಸಬೇಕು, ಸುಮ್ನೆ ಒಂದು ಸಂಖ್ಯೆ ಹಿಡಿದುಕೊಂಡು ಅಲಾರಾಂ ಇಟ್ಟರೆ ಹೈ ಫೈರ್ ಆದಾಗಲೆಲ್ಲ ಬಡಿದುಕೊಳ್ಳುತ್ತದೆ, ಎರಡು ದಿನದಲ್ಲಿ ಶಿಫ್ಟ್‌ನವರು ಅದನ್ನು ಆಫ್ ಮಾಡುತ್ತಾರೆ.

ಏನು ಕಂಡರೆ ಏನು?

ಒಂದು ಪಕ್ಕ ಏರಿ ಎದುರು ಪಕ್ಕ ಇಳಿದರೆ ಬೆಂಕಿ ವಾಲಿದೆ. ನಾಜಲ್ ತೂತು ಕಟ್ಟಿಕೊಂಡಿರಬಹುದು, ಗಾಳಿ ತಿರುಗಿಸುವ ಪ್ಲೇಟ್ ಸೊಟ್ಟಗಾಗಿರಬಹುದು. ಒಂದೇ ಜಾಗ ಮಾತ್ರ ವಾರದಿಂದ ವಾರಕ್ಕೆ ಏರುತ್ತಿದ್ದರೆ ಹಿಂದಿನ ರಿಫ್ರ್ಯಾಕ್ಟರಿ ಬಿರುಕು ಬಿಟ್ಟಿರುವ ಸಾಧ್ಯತೆ ಹೆಚ್ಚು. ಸಾಲಿನಲ್ಲಿ ಒಂದು ಬರ್ನರ್ ಸುತ್ತ ಮಾತ್ರ ತಣ್ಣಗಾದರೆ ಅದು ಸೊರಗಿದೆ. ಗ್ಯಾಸ್ ಗಾಳಿ ಮೊದಲೇ ಬೆರೆಸುವ ಬರ್ನರ್‌ಗಳಲ್ಲಿ ಬೆರಕೆ ಪೈಪ್ ಯಾವಾಗಲೂ ತಣ್ಣಗಿರಬೇಕು, ಒಳಗೆ ತಣ್ಣನೆಯ ಗ್ಯಾಸ್ ಹರಿಯುತ್ತಿರುತ್ತದೆ. ಅಲ್ಲಿ ದಿಢೀರ್ ಬಿಸಿ ಏರಿದರೆ ಬೆಂಕಿ ಹಿಂದಕ್ಕೆ ನುಗ್ಗಿದೆ ಅಂತ. ತಕ್ಷಣ ಗ್ಯಾಸ್ ಮುಚ್ಚಿ, ಕಾಯಬೇಡಿ.

ಹಾಗಂತ ಫ್ಲೇಮ್ ಸೆನ್ಸರ್ ತೆಗೆಯಬೇಡಿ, ದಯವಿಟ್ಟು. ಟ್ಯೂಬಿನೊಳಗಿನ ಎಳೆ ಬಿಸಿಯಾಗಲು ಹಲವು ಸೆಕೆಂಡ್ ಬೇಕು. ರಾಮನ್ ಉಪಕರಣ ಸರಾಸರಿ ತೆಗೆಯಲು ಇನ್ನೂ ಹೊತ್ತು ತೆಗೆದುಕೊಳ್ಳುತ್ತದೆ. ಬೆಂಕಿ ಆರಿದಾಗ ಗ್ಯಾಸ್ ನಿಲ್ಲಿಸುವ ಕೆಲಸ ಫ್ಲೇಮ್ ಸೆನ್ಸರ್‌ನದೇ.

ಮೊದಲ ಒಂದು ತಿಂಗಳು ಅಲಾರಾಂ ಪರದೆಯ ಮೇಲೆ ಮಾತ್ರ ಬರಲಿ. ಬಂದಾಗಲೆಲ್ಲ ಇಣುಕುಗಿಂಡಿಯಲ್ಲಿ ಬೆಂಕಿಯ ಆಕಾರ ನೋಡಿ, ಗ್ಯಾಸ್ ಒತ್ತಡ ನೋಡಿ, ಬ್ಲೋವರ್ ಫಿಲ್ಟರ್ ನೋಡಿ, ಸಿಕ್ಕಿದ್ದನ್ನು ಲಾಗ್ ಪುಸ್ತಕದಲ್ಲಿ ಬರೆಯಿರಿ. ನಾಜಲ್ ಬದಲಿಸಿದರೆ ಅಥವಾ ರಿಫ್ರ್ಯಾಕ್ಟರಿ ಹೊಸದಾಗಿ ಕಟ್ಟಿದರೆ ಹಳೆಯ ಚಿತ್ರ ನಡೆಯುವುದಿಲ್ಲ, ಮತ್ತೆ ತಣ್ಣಗಿನ ಸ್ಟಾರ್ಟ್‌ನಿಂದ ಹೊಸದು ತೆಗೆಯಿರಿ.