ಎಡಗೈಗೆ ಕೆಲವೇ ಕೀಲಿ: ಹಳೆಯ ಫೋಟೊ ತಿದ್ದಲು ನಾನು ಕಲಿತ ಬಗೆ

ಹನುಮಂತನಗರದ ನಮ್ಮ ಸ್ಟುಡಿಯೊಗೆ ಪಾಸ್‌ಪೋರ್ಟ್ ಅಳತೆಯ ಫೋಟೊ ತೆಗೆಸಲು ಬರುವವರೇ ಹೆಚ್ಚು. ಆದರೆ ಚಿತ್ರ ತಿದ್ದುವ ತಂತ್ರಾಂಶವನ್ನು ನನಗೆ ಕಲಿಸಿದ್ದು ಆ ಕೆಲಸವಲ್ಲ. ಮನೆಯ ಹಿರಿಯರು ತೀರಿಕೊಂಡಾಗ, ವೈಕುಂಠ ಸಮಾರಾಧನೆಯ ಹೊತ್ತಿಗೆ ಒಂದು ದೊಡ್ಡ ಫೋಟೊ ಬೇಕೆಂದು ಬರುವವರ ಕೆಲಸ. ಅವರ ಕೈಯಲ್ಲಿರುವುದು ಸಾಮಾನ್ಯವಾಗಿ ಯಾರದೋ ಮದುವೆಯ ಗುಂಪಿನ ಫೋಟೊ. ಹಿಂದಿನ ಸಾಲಿನಲ್ಲಿ ನಿಂತ ಒಬ್ಬರ ಮೇಲೆ ಬೆರಳಿಟ್ಟು, "ಇವರೇ ನಮ್ಮ ತಾಯಿ. ಇದೊಂದನ್ನು ಬಿಟ್ಟರೆ ಬೇರೆ ಫೋಟೊ ಇಲ್ಲ, ಸರ್" ಎನ್ನುತ್ತಾರೆ.

ನಾನು ಬಳಸುವುದು ಗಿಂಪ್. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಶುರುಮಾಡಿದ ಈ ತಂತ್ರಾಂಶ ಇಂದಿಗೂ ಉಚಿತ. ಎಸ್.ಪಿ. ರಸ್ತೆಯಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿನಲ್ಲಿ, ತಂತ್ರಾಂಶಕ್ಕೆ ತಿಂಗಳ ಬಾಡಿಗೆ ಕಟ್ಟುವ ಗೊಡವೆಯಿಲ್ಲದೆ ಕಲಿಯಲು ಅದು ದಾರಿ ಮಾಡಿಕೊಟ್ಟಿತು. ಶಾರ್ಟ್‌ಕಟ್‌ಗಳ ಉದ್ದನೆಯ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡು ಬಾಯಿಪಾಠ ಮಾಡುವುದರಲ್ಲಿ ನನಗೆ ನಂಬಿಕೆಯಿಲ್ಲ. ಒಂದು ನಿಜವಾದ ಫೋಟೊ ಎದುರಿಗಿದ್ದು, ಅದಕ್ಕೆ ಏನು ಬೇಕೋ ಆ ಉಪಕರಣವನ್ನಷ್ಟೇ ಹುಡುಕಿ, ಅದರ ಕೀಲಿಯನ್ನು ಅಂದೇ ಬಳಸಿದರೆ ಬೆರಳಿಗೆ ಅದು ಮರೆಯುವುದಿಲ್ಲ. ಹೆಸರು ಗೊತ್ತಿದ್ದು ಜಾಗ ಗೊತ್ತಿಲ್ಲದ ಉಪಕರಣಕ್ಕೆ ಓರೆಗೆರೆಯ (/) ಕೀಲಿ ಒತ್ತಿದರೆ ಹುಡುಕುವ ಕಿಟಕಿ ತೆರೆದುಕೊಳ್ಳುತ್ತದೆ. ಹೊಸಬರಿಗೆ ನಾನು ಮೊದಲು ಹೇಳಿಕೊಡುವುದು ಈ ಕೀಲಿಯನ್ನೇ.

ಕೆಲಸ ಶುರುವಾಗುವುದು ಸ್ಕ್ಯಾನರಿನಲ್ಲಿ. ಗುಂಪಿನ ಫೋಟೊದಲ್ಲಿ ಒಬ್ಬರ ಮುಖ, ಹೆಗಲು ಸೇರಿ ಮೂರು ಸೆಂಟಿಮೀಟರ್ ಅಗಲವಿದೆ ಎಂದುಕೊಳ್ಳಿ. 300 ಡಿಪಿಐಯಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, ಸ್ಕ್ಯಾನ್ ಮಾಡಿದರೆ ಸಿಗುವುದು ಸುಮಾರು 350 ಪಿಕ್ಸೆಲ್. 1200 ಡಿಪಿಐಯಲ್ಲಿ ಸುಮಾರು 1400. ಎಂಟು ಇಂಚು ಅಗಲದ ಮುದ್ರಣಕ್ಕೆ 300 ಡಿಪಿಐ ಲೆಕ್ಕದಲ್ಲಿ 2400 ಬೇಕು. 1400 ಇದ್ದರೂ ಗೋಡೆಯ ಮೇಲಿನ ಫೋಟೊವನ್ನು ನಾಲ್ಕಡಿ ದೂರದಿಂದ ನೋಡುವಾಗ ಸಾಕಾಗುತ್ತದೆ, 350 ಇದ್ದರೆ ಯಾವ ಉಪಕರಣವೂ ಕೈಹಿಡಿಯುವುದಿಲ್ಲ. ಮೊಬೈಲಿನಲ್ಲಿ ಫೋಟೊದ ಫೋಟೊ ತೆಗೆದು ಕಳುಹಿಸುವವರಿಗೆ ಮೂಲವನ್ನೇ ತನ್ನಿ ಎಂದು ನಾನು ಒತ್ತಾಯಿಸುವುದು ಇದಕ್ಕಾಗಿ.

ಹಳೆಯ ಕಪ್ಪು-ಬಿಳುಪು ಚಿತ್ರವಾದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಬೇಕು. ಕಾಗದಕ್ಕೆ ಹಿಡಿದ ಹಳದಿ ಕಲೆ ನೀಲಿ ಬೆಳಕನ್ನು ಹೀರುತ್ತದೆ. ಹಾಗಾಗಿ ಚಿತ್ರದ ನೀಲಿ ಬೆಳಕಿನ ಪಾಲಾದ ನೀಲಿ ಚಾನೆಲಿನಲ್ಲಿ ಕಲೆ ಕಡುವಾಗಿ ಎದ್ದು ಕಾಣುತ್ತದೆ, ಕೆಂಪು ಚಾನೆಲಿನಲ್ಲಿ ಬಹುಪಾಲು ಕಾಣುವುದೇ ಇಲ್ಲ. ಕಲರ್ಸ್ ಮೆನುವಿನ ಕಾಂಪೊನೆಂಟ್ಸ್ ಅಡಿಯಲ್ಲಿರುವ ಎಕ್ಸ್‌ಟ್ರಾಕ್ಟ್ ಕಾಂಪೊನೆಂಟ್‌ನಲ್ಲಿ ಕೆಂಪನ್ನು ಆರಿಸಿಕೊಂಡರೆ, ಗಂಟೆಗಟ್ಟಲೆ ಉಜ್ಜಿ ತೆಗೆಯಬೇಕಾಗಿದ್ದ ಕಲೆ ಒಂದೇ ಏಟಿಗೆ ಮಾಸುತ್ತದೆ. ಇದನ್ನು ಮೊದಲ ಸಲ ಕಂಡಾಗ ಆದ ಸಂತೋಷ ಈಗಲೂ ಪ್ರತಿ ಫೋಟೊದಲ್ಲೂ ಆಗುತ್ತದೆ. ಆಮೇಲೆ ಲೆವೆಲ್ಸ್ ತೆರೆದು, ಅಲ್ಲಿ ಗುಡ್ಡದಂತೆ ಕಾಣುವ ಬೆಳಕು-ನೆರಳಿನ ನಕ್ಷೆಯ ಕೆಳಗಿನ ಕಪ್ಪು ಮತ್ತು ಬಿಳಿ ತ್ರಿಕೋನಗಳನ್ನು ಆ ಗುಡ್ಡದ ಬುಡದವರೆಗೆ ಎಳೆದರೆ ಮಂಕು ಹೋಗುತ್ತದೆ. ಬುಡ ದಾಟಿ ಒಳಗೆ ಎಳೆಯಬಾರದು. ಬಿಳಿ ಸೀರೆಯ ನೆರಿಗೆ ಅಳಿಸಿಹೋಗುತ್ತದೆ.

ಇನ್ನು ಗೀರು, ಮಡಿಕೆ, ಫಂಗಸ್ ಚುಕ್ಕೆ. ಮೂಲ ಲೇಯರನ್ನು, ಅಂದರೆ ಚಿತ್ರದ ಪದರವನ್ನು, ಮುಟ್ಟದೆ ಶಿಫ್ಟ್, ಕಂಟ್ರೋಲ್, ಡಿ ಒತ್ತಿ ಅದರ ಪ್ರತಿ ತೆಗೆದು, ಕೆಲಸವೆಲ್ಲ ಪ್ರತಿಯ ಮೇಲೆ. ಇಲ್ಲಿ ಬೇಕಾಗುವುದು ಎರಡು ಉಪಕರಣ: 'ಸಿ' ಒತ್ತಿದರೆ ಕ್ಲೋನ್, 'ಎಚ್' ಒತ್ತಿದರೆ ಹೀಲ್. ಎರಡಕ್ಕೂ ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿ ಯಾವ ಜಾಗದಿಂದ ತೆಗೆದುಕೊಳ್ಳಬೇಕೆಂದು ತೋರಿಸಬೇಕು. ಕ್ಲೋನ್ ಆ ಜಾಗವನ್ನು ಇದ್ದ ಹಾಗೆಯೇ ತಂದು ತೇಪೆ ಹಾಕುತ್ತದೆ. ಹೀಲ್ ಅಲ್ಲಿಂದ ಮೇಲ್ಮೈಯ ನೇಯ್ಗೆಯನ್ನಷ್ಟೇ ತಂದು, ಬೆಳಕು-ನೆರಳನ್ನು ತೇಪೆ ಬೀಳುವ ಜಾಗದಿಂದ ಪಡೆಯುತ್ತದೆ. ಕೆನ್ನೆ, ಹಣೆ, ಬಯಲು ಗೋಡೆಗೆ ಹೀಲ್ ಒಪ್ಪುತ್ತದೆ. ಸೀರೆಯ ಅಂಚು, ಕನ್ನಡಕದ ಕಡ್ಡಿ, ಕೂದಲು ಹಣೆಯನ್ನು ಸೇರುವ ಗೆರೆ, ಇಂಥ ಕಡೆ ಹೀಲ್ ಎರಡೂ ಬದಿಯ ಬಣ್ಣವನ್ನು ಕಲಸಿ ಕೊಳೆ ಮಾಡುತ್ತದೆ. ಅಲ್ಲಿ ಕ್ಲೋನ್ ಬೇಕು. ಈ ವ್ಯತ್ಯಾಸ ಕೈಗೆ ಬಂದರೆ ಅರ್ಧ ವಿದ್ಯೆ ಬಂದಂತೆ.

ಬಲಗೈ ಮೌಸ್ ಬಿಡಬಾರದು, ಎಡಗೈ ಕೀಲಿಮಣೆ ಬಿಡಬಾರದು. ಚೌಕ ಆವರಣದ ಎರಡು ಕೀಲಿಗಳಿಂದ ಕುಂಚ ಹಿರಿದು ಕಿರಿದಾಗುತ್ತದೆ. ಸ್ಪೇಸ್ ಒತ್ತಿ ಹಿಡಿದರೆ ಚಿತ್ರವನ್ನು ಸರಿಸಬಹುದು. 'ಒಂದು' ಒತ್ತಿದರೆ ನೂರಕ್ಕೆ ನೂರರ ಗಾತ್ರ. ಶಿಫ್ಟ್, ಕಂಟ್ರೋಲ್, ಜೆ ಒತ್ತಿದರೆ ಇಡೀ ಚಿತ್ರ ಕಿಟಕಿಯೊಳಗೆ. ಹತ್ತಿರದಿಂದ ತಿದ್ದುವುದು, ದೂರ ಸರಿದು ನೋಡುವುದು, ಈ ಎರಡರ ನಡುವೆ ಸದಾ ಓಡಾಡುತ್ತಿರಬೇಕು. ಫೋಟೊಶಾಪಿನಿಂದ ಬರುವವರಿಗೆ ಒಂದು ಮಾತು: ಅಲ್ಲಿ 'ಸಿ' ಎಂದರೆ ಕ್ರಾಪ್, ಕ್ಲೋನಿಗೆ 'ಎಸ್', ಮತ್ತು ಮೂಲದ ಜಾಗ ತೋರಿಸುವುದು ಆಲ್ಟ್ ಕ್ಲಿಕ್‌ನಿಂದ. ಕನ್ನಡದವರಿಗೆ ಇನ್ನೊಂದು: ಕೀಲಿಮಣೆ ಕನ್ನಡಕ್ಕೆ ತಿರುಗಿಯೇ ಇದ್ದರೆ ಒಂಟಿ ಅಕ್ಷರದ ಶಾರ್ಟ್‌ಕಟ್‌ಗಳು ಸುಮ್ಮನಾಗಿಬಿಡುತ್ತವೆ. ವಿಂಡೋಸ್ ಕೀಲಿಯೊಂದಿಗೆ ಸ್ಪೇಸ್ ಒತ್ತಿ ಇಂಗ್ಲಿಷಿಗೆ ಮರಳಿದರೆ ಸರಿಹೋಗುತ್ತದೆ.

ಗುಂಪಿನಿಂದ ಒಬ್ಬರನ್ನು ಬಿಡಿಸಿಕೊಳ್ಳಲು ನಾನು ಎರೇಸರ್ ಮುಟ್ಟುವುದಿಲ್ಲ, ಲೇಯರ್ ಮಾಸ್ಕ್ ಹಾಕುತ್ತೇನೆ. ಮಾಸ್ಕಿನ ಮೇಲೆ ಕಪ್ಪು ಬಳಿದರೆ ಚಿತ್ರ ಮರೆಯಾಗುತ್ತದೆ, ಬಿಳಿ ಬಳಿದರೆ ಮರಳುತ್ತದೆ. 'ಡಿ' ಒತ್ತಿದರೆ ಬಣ್ಣಗಳು ಕಪ್ಪು-ಬಿಳಿಗೆ ಬರುತ್ತವೆ, 'ಎಕ್ಸ್' ಒತ್ತಿದರೆ ಅದಲುಬದಲಾಗುತ್ತವೆ, 'ಪಿ' ಒತ್ತಿದರೆ ಕುಂಚ. ಹೆಗಲಿನ ಗೆರೆಗೆ ಗಟ್ಟಿ ಅಂಚಿನ ಕುಂಚ, ಕೂದಲಿಗೆ ಮೆತ್ತನೆಯದು. ಪಕ್ಕದಲ್ಲಿ ನಿಂತವರ ತೋಳು ಅಡ್ಡ ಬಂದಿದ್ದರೆ, ಇನ್ನೊಂದು ಹೆಗಲನ್ನು ಬೇರೆ ಲೇಯರಿಗೆ ತೆಗೆದು, ಕನ್ನಡಿಯಲ್ಲಿ ಕಂಡಂತೆ ಅಡ್ಡಡ್ಡ ತಿರುಗಿಸಿ ಕೂಡಿಸುವುದುಂಟು. ಸೆರಗು ಎಡಹೆಗಲ ಮೇಲಿರುವುದರಿಂದ ಹಾಗೆ ತಿರುಗಿಸಿದಾಗ ಅದು ಬಲಕ್ಕೂ ಬಂದು ಕೂರುತ್ತದೆ. ಅದನ್ನು ಗಮನಿಸಿ ಅಳಿಸಲೇಬೇಕು.

ನನಗೆ ಈ ವಿದ್ಯೆಯ ಕಣ್ಣು ಕೊಟ್ಟವರು ನೆಗೆಟಿವ್ ಕಾಲದ ಒಬ್ಬ ಹಿರಿಯರು. ಸೀಸದಕಡ್ಡಿಯ ಮೊನೆಯನ್ನು ಸೂಜಿಯಂತೆ ಚೂಪು ಮಾಡಿ ನೆಗೆಟಿವಿನ ಮೇಲೆಯೇ ತಿದ್ದುತ್ತಿದ್ದವರು. ಕಂಪ್ಯೂಟರ್ ಅವರಿಗೆ ಬರುತ್ತಿರಲಿಲ್ಲ, ಆದರೆ ನನ್ನ ಹಿಂದೆ ನಿಂತು, "ಸಾಕು, ಇನ್ನು ತಿದ್ದಿದರೆ ಅವರು ಅವರಾಗಿ ಉಳಿಯುವುದಿಲ್ಲ" ಎನ್ನುತ್ತಿದ್ದರು. ಗೀರು ಕಾಗದದ್ದು, ಅದನ್ನು ತೆಗೆಯಬಹುದು. ಸುಕ್ಕು, ಮಚ್ಚೆ, ಓರೆಯಾದ ಹಲ್ಲು ಮನುಷ್ಯರದ್ದು. ಈಗ ಕೆಲವು ಮೊಬೈಲ್ ಆ್ಯಪ್‌ಗಳು ಒಂದೇ ಒತ್ತಿಗೆ ಮುಖವನ್ನು ಥಳಥಳ ಮಾಡಿಕೊಡುತ್ತವೆ. ಫೋಟೊದಲ್ಲಿ ಇಲ್ಲದ ವಿವರವನ್ನು ಅವು ಊಹಿಸಿ ತುಂಬುತ್ತವೆ. ದೂರದವರಿಗೆ ಅದು ಚಂದ ಕಾಣಬಹುದು. ಮಗಳು ನೋಡಿದರೆ ಅದು ತನ್ನ ತಾಯಿಯ ಕಣ್ಣಲ್ಲ ಎಂದು ಕೂಡಲೇ ತಿಳಿಯುತ್ತದೆ. ಆ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಸ್ವಲ್ಪ ಮಸುಕಾದರೂ ಅವರದೇ ಮುಖ ಇರಲಿ ಎಂದು ಬಂದವರಿಗೆ ತಿಳಿಹೇಳುತ್ತೇನೆ.

ಕೊನೆಗೆ ಫೋಟೊದ ಕೆಳಗೆ ಹೆಸರು, ಜನನ, ಮರಣದ ದಿನಾಂಕ. 'ಟಿ' ಒತ್ತಿ, ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತವಾದ ಯೂನಿಕೋಡಿನಲ್ಲಿ ಬರೆದರೆ ಗಿಂಪ್ ಒತ್ತಕ್ಷರಗಳನ್ನು ತಾನೇ ಸರಿಯಾಗಿ ಕೂಡಿಸುತ್ತದೆ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಮುಂತಾದ ಉಚಿತ ಫಾಂಟ್‌ಗಳು ಚೆನ್ನಾಗಿ ಮೂಡುತ್ತವೆ. ಫೋಟೊಶಾಪಿನಲ್ಲಿ ಒತ್ತಕ್ಷರ ಒಡೆದು ಬಿಡಿಬಿಡಿಯಾಗಿ ಕಂಡರೆ, ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿಕೊಳ್ಳಬೇಕು. ಹಳೆಯ ಆವೃತ್ತಿಗಳಲ್ಲಿ ಅದರ ಹೆಸರು ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್. ಇದು ತಿಳಿಯದೆ ಎಷ್ಟೋ ಕಡೆ ಇನ್ನೂ ಯೂನಿಕೋಡ್ ಬಿಟ್ಟು ಹಳೆಯ ಫಾಂಟ್‌ಗಳಲ್ಲೇ ಕೆಲಸ ಸಾಗುತ್ತಿದೆ.

ಬರೆದ ಹೆಸರನ್ನು ಪರದೆಯ ಮೇಲೆ ಮನೆಯವರಿಂದಲೇ ಗಟ್ಟಿಯಾಗಿ ಓದಿಸುತ್ತೇನೆ. ಲಕ್ಷ್ಮಮ್ಮನೋ ಲಕ್ಷ್ಮೀದೇವಮ್ಮನೋ, ದೀರ್ಘ ಎಲ್ಲಿ ಬರಬೇಕು ಎಂಬುದು ಅವರಿಗೇ ಗೊತ್ತು. ಅವರು ಸರಿ ಎಂದ ಮೇಲೆ ಕಂಟ್ರೋಲ್ ಎಸ್ ಒತ್ತಿ ಲೇಯರ್‌ಗಳ ಸಮೇತ ಉಳಿಸಿ, ಶಿಫ್ಟ್, ಕಂಟ್ರೋಲ್, ಇ ಒತ್ತಿ ಮುದ್ರಣದ ಪ್ರತಿಯನ್ನು ತೆಗೆದು ಲ್ಯಾಬಿಗೆ ಕಳುಹಿಸುತ್ತೇನೆ.