ರಂಗೋಲಿ ಪುಡಿಯಲ್ಲಿ ಮಲಕ್ಕಾ

ಶಿಡ್ಲಘಟ್ಟದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಹಿಂದೂ ಮಹಾಸಾಗರ, ಪೆಸಿಫಿಕ್ ಎರಡನ್ನೂ ಒಂದೇ ವಲಯವಾಗಿ ನೋಡುವ ಇಂಡೋ-ಪೆಸಿಫಿಕ್ ಅಧ್ಯಾಯವನ್ನು ಮೊದಲೆರಡು ವರ್ಷ ನೋಟ್ಸ್ ಬರೆಸಿಯೇ ಮುಗಿಸಿದ್ದೆ. 2007ರಲ್ಲಿ ಆಗಿನ ಜಪಾನ್ ಪ್ರಧಾನಿ ಶಿಂಜೊ ಅಬೆ ನಮ್ಮ ಸಂಸತ್ತಿನಲ್ಲಿ ಎರಡು ಸಾಗರಗಳ ಸಂಗಮದ ಮಾತಾಡಿದ್ದು, 2018ರಲ್ಲಿ ಅಮೆರಿಕ ತನ್ನ ಪೆಸಿಫಿಕ್ ಸೇನಾ ಕಮಾಂಡಿನ ಹೆಸರಿಗೆ 'ಇಂಡೋ' ಸೇರಿಸಿದ್ದು, ಎಲ್ಲವನ್ನೂ ಮಕ್ಕಳು ಇಸವಿ ಸಮೇತ ಒಪ್ಪಿಸುತ್ತಿದ್ದರು. ಸಿಂಗಪುರ ತೋರಿಸಿ ಅಂದರೆ ಮಾತ್ರ ಬೆರಳು ಶ್ರೀಲಂಕಾದ ಮೇಲೆ ಹೋಗಿ ಕೂರುತ್ತಿತ್ತು.

ಮೂರನೇ ವರ್ಷ ನಾಲ್ಕು ಪ್ಯಾಕೆಟ್ ರಂಗೋಲಿ ಪುಡಿ ತರಿಸಿ, ಎಲ್ಲರನ್ನೂ ಅಂಗಳಕ್ಕೆ ಕರೆದೆ. ಆಫ್ರಿಕಾದ ಕರಾವಳಿಯಿಂದ ಜಪಾನಿನವರೆಗೆ ನಕ್ಷೆಯನ್ನು ಹುಡುಗಿಯರು ಸರಾಗವಾಗಿ ಬಿಡಿಸಿದರು. ಮಲೇಷ್ಯಾ, ಸುಮಾತ್ರಾ ನಡುವೆ ಬಂದಾಗ ಪೇಚಾಯಿತು. ಸಿಂಗಪುರದ ಹತ್ತಿರ ಮಲಕ್ಕಾ ಜಲಸಂಧಿಯ ಅಗಲ 3 ಕಿ.ಮೀ.ಗಿಂತ ಕಡಿಮೆ, ಬೆರಳಿಂದ ಉದುರುವ ಗೆರೆಯೇ ನಮ್ಮ ಅಳತೆಯಲ್ಲಿ ಅದಕ್ಕಿಂತ ದಪ್ಪ. ಎರಡು ದಡವೂ ಅಂಟಿಕೊಂಡವು. "ಸಾರ್, ದಾರಿ ಮುಚ್ಚೇ ಹೋಯ್ತು!"

ಈ ದಾರಿ ಮುಚ್ಚಿದರೆ ಏನು ಗತಿ ಅನ್ನುವ ಚೀನಾದ ಆತಂಕ, ಅಷ್ಟು ದಿನ ಬರೆಸಿದ 'ಮಲಕ್ಕಾ ಇಕ್ಕಟ್ಟು', ಆಗ ಮಕ್ಕಳ ತಲೆಗೆ ಹೋಯಿತು. ಕೊಲ್ಲಿ ದೇಶಗಳಿಂದ ಚೀನಾಕ್ಕೆ ಹೋಗುವ ತೈಲದ ಬಹುಪಾಲು ಈ ಸಂದಿಯಲ್ಲೇ ನುಸುಳಬೇಕು. ಅದರ ಪಶ್ಚಿಮದ ಬಾಗಿಲಲ್ಲಿ ನಮ್ಮ ಗ್ರೇಟ್ ನಿಕೋಬಾರ್. 2001ರಿಂದ ಅಂಡಮಾನಿನಲ್ಲಿ ಮೂರೂ ಸೇನೆಗಳ ಜಂಟಿ ಕಮಾಂಡ್ ಇದೆ.

"ಹಾಗಾದ್ರೆ ಚೀನಾ ರೇಷ್ಮೆನೂ ಇದೇ ದಾರೀಲಿ ಬರುತ್ತಾ ಸಾರ್?" ರೇಷ್ಮೆ ಬೆಳೆಗಾರರ ಮನೆ ಹುಡುಗಿ.

ಹೂಂ ಅಂದೆ.

"ಮುಚ್ಚಿಬಿಟ್ರೆ ನಮ್ಮ ಗೂಡಿಗೆ ರೇಟು ಬರುತ್ತಲ್ಲ!"

ಹಿಂದಿನಿಂದ ಒಬ್ಬ ಕೂಗಿದ: "ದೊಡ್ಡಬಳ್ಳಾಪುರದಲ್ಲಿ ನಮ್ಮ ಮಾವನ ಮಗ್ಗ ನಿಲ್ಲುತ್ತೆ ಕಣೇ, ಅವರಿಗೆ ಚೀನಾ ನೂಲೇ ಬೇಕು."

ನೋಟ್ಸ್ ಮಡಚಿಟ್ಟೆ. ನನ್ನ ಪ್ರಕಾರ ಅಧ್ಯಾಯ ಈ ಜಗಳದಲ್ಲೇ ಇತ್ತು. ದೇಶಗಳೂ ಹೀಗೇ ಎರಡೂ ಕಡೆ ಎಳೆದಾಡುತ್ತವೆ ಅನ್ನಲು ಫಿಲಿಪ್ಪೀನ್ಸ್ ಕಥೆ ಹೇಳಿದೆ. ಚೀನಾ ಜೊತೆಗಿನ ದಕ್ಷಿಣ ಚೀನಾ ಸಮುದ್ರದ ವ್ಯಾಜ್ಯದಲ್ಲಿ 2016ರಲ್ಲಿ ಹೇಗ್‌ನ ನ್ಯಾಯಮಂಡಳಿ ಬಹುಮಟ್ಟಿಗೆ ಅವರ ಪರವೇ ತೀರ್ಪು ಕೊಟ್ಟಿತು. ಅಧ್ಯಕ್ಷ ಡುಟೆರ್ಟೆ ಅದನ್ನು ಬದಿಗಿಟ್ಟು ಬೀಜಿಂಗಿಗೆ ಹೋಗಿ ಹೂಡಿಕೆ ಕೇಳಿದರು. ಆಮೇಲೆ ಬಂದ ಮಾರ್ಕೋಸ್ ಜೂನಿಯರ್ 2023ರಲ್ಲಿ ಅಮೆರಿಕದ ಸೇನೆಗೆ ತಮ್ಮ ಇನ್ನೂ ನಾಲ್ಕು ನೆಲೆ ಬಳಸಲು ಬಿಟ್ಟರು. 2024ರಲ್ಲಿ ನಮ್ಮ ಬ್ರಹ್ಮೋಸ್ ಕ್ಷಿಪಣಿಯೂ ಅಲ್ಲಿಗೆ ಹೋಯಿತು. ಹಾಗಂತ ಚೀನಾ ಜೊತೆ ವ್ಯಾಪಾರ ಬಿಟ್ಟರೇ? ಗಾಲ್ವಾನ್ ಗಡಿ ಘರ್ಷಣೆ ಆದಮೇಲೆ ನಾವು ಬಿಟ್ಟೆವೇ?

ಆ ಹುರುಪಿನಲ್ಲಿ ಭಾರತ, ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಸೇರಿದ ಕ್ವಾಡ್ ಅಂದರೆ ನ್ಯಾಟೊ ಸೇನಾಕೂಟದ ಥರ ಎಂದುಬಿಟ್ಟಿದ್ದೆ. ಮಾರನೇ ದಿನ ತಪ್ಪೊಪ್ಪಿಕೊಂಡೆ: ಒಬ್ಬರ ಮೇಲೆ ಯುದ್ಧವಾದರೆ ಉಳಿದವರು ಬರಬೇಕೆಂಬ ಒಪ್ಪಂದ ಕ್ವಾಡ್‌ನಲ್ಲಿ ಇಲ್ಲ. ಆಸ್ಟ್ರೇಲಿಯಾಕ್ಕೆ ಅಣುಶಕ್ತಿಚಾಲಿತ ಜಲಾಂತರ್ಗಾಮಿ ಕೊಡಿಸುವ 2021ರ ಆಕಸ್, ಅಂದರೆ ಅಮೆರಿಕ-ಬ್ರಿಟನ್-ಆಸ್ಟ್ರೇಲಿಯಾ ಒಪ್ಪಂದ, ಬೇರೆಯದೇ ಬಾಬತ್ತು.

ಈ ವರ್ಷ ಜಲಸಂಧಿಯನ್ನು ಬೇರೆಯಾಗಿ, ದೊಡ್ಡದಾಗಿ ಬಿಡಿಸಿದೆವು. ಹಡಗಿನ ದಾರಿ ತೋರಿಸಲು ಒಬ್ಬಳು ಮನೆಯಿಂದ ರೇಷ್ಮೆ ನೂಲು ತಂದಳು. ಬಿಸಿಲಿಗೆ ಎಳೆ ಕಣ್ಣಿಗೇ ಬೀಳಲಿಲ್ಲ. ಕೊನೆಗೆ ಗೋಣಿ ದಾರ ಹಾಕಿದೆವು.