ಕಾಲೇಜಿಗೆ ಹೊರಟ ಮಕ್ಕಳಿಗೆ ಲ್ಯಾಪ್‌ಟಾಪ್: ಉಡುಪಿಯಲ್ಲೋ, ಮಂಗಳೂರಲ್ಲೋ, ಆನ್‌ಲೈನಲ್ಲೋ?

ಸಿಇಟಿ ಸೀಟು ಗೊತ್ತಾಗುವ ಹೊತ್ತಿಗೆ ನನಗೆ ಫೋನ್ ಬರೋಕೆ ಶುರುವಾಗುತ್ತದೆ. "ಮಾಮ, ಲ್ಯಾಪ್‌ಟಾಪ್ ಯಾವುದು ತಗೊಳ್ಳುದು?" ಯಾವುದು ಅನ್ನೋದಕ್ಕೆ ಯೂಟ್ಯೂಬಿನಲ್ಲಿ ಬೇಕಾದಷ್ಟು ಜನ ಉತ್ತರ ಕೊಡುತ್ತಾರೆ. ಎಲ್ಲಿ ತಗೊಳ್ಳೋದು ಅಂತ ಯಾರೂ ಕೇಳೋದಿಲ್ಲ. ಉಡುಪಿ, ಮಂಗಳೂರು ಕಡೆಯವರಿಗೆ ತಲೆನೋವು ಇರೋದೇ ಅಲ್ಲಿ.

ಯಾವುದು ಅನ್ನೋದನ್ನ ಬೇಗ ಮುಗಿಸಿಬಿಡೋಣ. 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರಲಿ, ನಾಲ್ಕು ವರ್ಷ ಓಡಬೇಕಲ್ವಾ. ಬಿಕಾಂ ಮಕ್ಕಳಿಗೆ ಟ್ಯಾಲಿ, ಮೆಕ್ಯಾನಿಕಲ್ ಮಕ್ಕಳಿಗೆ ಸಾಲಿಡ್‌ವರ್ಕ್ಸ್ ಬೇಕಾಗುತ್ತದೆ. ಎರಡೂ ವಿಂಡೋಸ್‌ಗೆ ಮಾಡಿದ ಸಾಫ್ಟ್‌ವೇರ್, ಹಾಗಾಗಿ ಮ್ಯಾಕ್‌ಬುಕ್ ಚಂದ ಉಂಟು ಅಂತ ಆಸೆಪಡುವ ಮೊದಲು ಕಾಲೇಜಿನ ಸೀನಿಯರ್ ಒಬ್ಬರನ್ನ ಕೇಳಿ. ಕೆಲವು ಕಾಲೇಜು ತಾನೇ ಲ್ಯಾಪ್‌ಟಾಪ್ ಕೊಟ್ಟು ದುಡ್ಡನ್ನ ಫೀಸಿಗೆ ಸೇರಿಸುತ್ತದೆ, ಅದನ್ನೂ ವಿಚಾರಿಸಿ. ಇಲ್ಲದಿದ್ದರೆ ಮನೆಯಲ್ಲಿ ಎರಡು ಆದೀತು.

ಈಗ ವಿಷಯಕ್ಕೆ. ಇನ್ನು ನಾಲ್ಕು ವರ್ಷ ಆ ಲ್ಯಾಪ್‌ಟಾಪ್ ಎಲ್ಲಿರುತ್ತದೆ? ಮನೆಯಿಂದ ಬಸ್ಸಲ್ಲಿ ಓಡಾಡುವುದಾ, ಸುರತ್ಕಲ್, ನಿಟ್ಟೆ, ಮೂಡುಬಿದಿರೆಯ ಹಾಸ್ಟೆಲಾ, ಬೆಂಗಳೂರಾ? ಬೆಂಗಳೂರಿಗೆ ಹೋಗುವವರಿಗೆ ಊರಿನ ಅಂಗಡಿಯ ಪರಿಚಯದಿಂದ ಅಂಥ ಉಪಯೋಗ ಇಲ್ಲ, ಎಲ್ಲಿ ಕಡಿಮೆಗೆ ಸಿಗುತ್ತದೋ ಅಲ್ಲಿ ತಗೊಳ್ಳಲಿ. ಇಲ್ಲೇ ಇರುವವರು ಮಾತ್ರ ಮೊದಲು ಸರ್ವಿಸ್ ನೋಡಬೇಕು, ಆಮೇಲೆ ಬೆಲೆ.

ಯಾಕೆ ಅಂತ ಅಕ್ಕನ ಮಗನ ಕಥೆ ಕೇಳಿದರೆ ಗೊತ್ತಾಗುತ್ತದೆ. ಆನ್‌ಲೈನಲ್ಲಿ ಮೂರು ಸಾವಿರ ಕಡಿಮೆಗೆ ಸಿಕ್ಕಿತು ಅಂತ ಖುಷಿಯಲ್ಲಿ ತರಿಸಿದ. ಹತ್ತನೇ ದಿನ ಸ್ಕ್ರೀನಿನ ಎಡಗಡೆ, ಮೇಲಿನಿಂದ ಕೆಳಗಿನವರೆಗೆ ಒಂದು ಹಸಿರು ಗೆರೆ. ವಾಪಸ್ ಕೊಡಲು ಇದ್ದದ್ದು ಏಳೇ ದಿನ. ಇನ್ನು ಕಂಪನಿ ಸರ್ವಿಸ್ ಸೆಂಟರೇ ಗತಿ, ಅದು ಇದ್ದದ್ದು ಮಂಗಳೂರಲ್ಲಿ. ಜುಲೈ ಮಳೆಯಲ್ಲಿ ಲ್ಯಾಪ್‌ಟಾಪಿಗೆ ಎರಡು ಪ್ಲಾಸ್ಟಿಕ್ ಕವರ್ ಸುತ್ತಿ, ಎಕ್ಸ್‌ಪ್ರೆಸ್ ಬಸ್ಸಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋದ. ಮೊದಲ ಸಲ ಕಂಪ್ಲೇಂಟ್ ಬರೆಸಲು, ಎರಡನೇ ಸಲ ಪಾರ್ಟ್ ಬಂದಿಲ್ಲ ಅಂತ ಕೇಳಿಸಿಕೊಳ್ಳಲು, ಮೂರನೇ ಸಲ ತರಲು. ಮೂರು ದಿನ ಕ್ಲಾಸ್ ಹೋಯಿತು, ಬಸ್ ಚಾರ್ಜು, ಊಟ ಬೇರೆ. ಉಳಿಸಿದ ಮೂರು ಸಾವಿರದಲ್ಲಿ ಎಷ್ಟು ಉಳಿಯಿತು ಅಂತ ಅಕ್ಕ ಇವತ್ತಿಗೂ ಕೇಳುತ್ತಾಳೆ.

ಅದಕ್ಕೇ ವಾರಂಟಿಯಲ್ಲಿ "ಆನ್‌ಸೈಟ್" ಅಂತ ಇದೆಯಾ, "ಕ್ಯಾರಿ ಇನ್" ಅಂತ ಇದೆಯಾ ನೋಡಿ. ಆನ್‌ಸೈಟ್ ಅಂದರೆ ಅವರು ಮನೆಗೆ ಬರುತ್ತಾರೆ, ಕ್ಯಾರಿ ಇನ್ ಅಂದರೆ ನೀವೇ ಹೊತ್ತುಕೊಂಡು ಹೋಗಬೇಕು. ಆನ್‌ಸೈಟ್ ಅಂತ ಬರೆದಿದ್ದರೂ ಎಲ್ಲ ಊರಿಗೂ ಬರುತ್ತಾರೆ ಅಂತ ಲೆಕ್ಕ ಹಾಕಬೇಡಿ. ಕಂಪನಿಯ ಕಸ್ಟಮರ್ ಕೇರಿಗೆ ಫೋನ್ ಮಾಡಿ, ನಿಮ್ಮ ಪಿನ್‌ಕೋಡ್ ಹೇಳಿ ಕೇಳಿ. ಮಂಗಳೂರಿನ 575001ಕ್ಕೆ ಸಿಗುವ ಉತ್ತರವೇ ಕುಂದಾಪುರದ 576201ಕ್ಕೂ ಸಿಗಬೇಕು ಅಂತ ಏನಿಲ್ಲ. ಸರ್ವಿಸ್ ಸೆಂಟರ್ ಹತ್ತಿರ ಎಲ್ಲಿದೆ ಅಂತಲೂ ಆಗಲೇ ಕೇಳಿಬಿಡಿ. ಈ ಒಂದು ಫೋನ್ ಮಾಡಿದರೆ ಪಟ್ಟಿಯಲ್ಲಿರುವ ಅರ್ಧ ಮಾಡೆಲ್‌ಗಳು ತಾವಾಗಿಯೇ ಬಿಟ್ಟುಹೋಗುತ್ತವೆ.

ಹಾಗಂತ ಊರಿನ ಅಂಗಡಿಯವರೆಲ್ಲ ದೇವರಂಥವರು ಅಂತಲೂ ಅಲ್ಲ. ದುಡ್ಡು ಎಣಿಸುವವರೆಗೆ ಚಾ ತರಿಸಿ ಕೊಟ್ಟು, ಆಮೇಲೆ "ವಾರಂಟಿ ಕಂಪನಿಯದ್ದು, ನಮ್ಮದೇನಿಲ್ಲ" ಅನ್ನುವವರನ್ನೂ ನೋಡಿದ್ದೇನೆ. ಕಾನೂನಿನ ಮಾತು ಬಿಡಿ, ಒಳ್ಳೆಯ ಅಂಗಡಿಯವರು ಪೀಸನ್ನ ತಾವೇ ತಗೊಂಡು ಸರ್ವಿಸ್ ಸೆಂಟರಿಗೆ ಕಳಿಸುತ್ತಾರೆ, ಬಂದಾಗ ಫೋನ್ ಮಾಡುತ್ತಾರೆ. ನಿಮ್ಮ ಅಂಗಡಿ ಯಾವ ಜಾತಿಯದ್ದು ಅಂತ ತಿಳಿಯಲು ದುಡ್ಡು ಕೊಡುವ ಮೊದಲೇ ನೇರ ಕೇಳಿ: "ಎಂತಾದ್ರೂ ಆದ್ರೆ ಇಲ್ಲಿಗೆ ತಂದು ಕೊಟ್ರೆ ಆಯ್ತಾ, ನಾವೇ ಮಂಗಳೂರಿಗೆ ಹೋಗ್ಬೇಕಾ?" ಉತ್ತರ ಕೊಡುವ ಮೊದಲು ಒಳಗಿನವರ ಮುಖ ನೋಡುತ್ತಾರಾ ಅಂತ ಗಮನಿಸಿ. ಅಲ್ಲೇ ಸ್ವಲ್ಪ ಹೊತ್ತು ನಿಂತು, ರಿಪೇರಿಗೆ ಬಂದ ಗಿರಾಕಿಯ ಜೊತೆ ಹೇಗೆ ಮಾತಾಡುತ್ತಾರೆ ಅಂತ ನೋಡಿದರೆ ಇನ್ನೂ ಒಳ್ಳೇದು. ಹೊಸ ಗಿರಾಕಿಯ ಜೊತೆ ಎಲ್ಲರೂ ಚೆನ್ನಾಗಿಯೇ ಮಾತಾಡುತ್ತಾರೆ.

ಬೆಲೆ ಹೋಲಿಸುವಾಗ ಜನ ತಪ್ಪುವುದು ಮಾಡೆಲ್ ನಂಬರಿನಲ್ಲಿ. ಹೋದ ವರ್ಷ ತಂಗಿಯ ಮಗಳ ಜೊತೆ ಒಂದು ಅಂಗಡಿಗೆ ಹೋಗಿದ್ದೆ. ನಾವು ನೋಡಿಟ್ಟಿದ್ದ ಮಾಡೆಲ್ ಕೇಳಿದರೆ ಆನ್‌ಲೈನಿಗಿಂತ ಎರಡು ಸಾವಿರ ಕಡಿಮೆ ಹೇಳಿದರು. ನನಗೇ ಆಶ್ಚರ್ಯ. "ಇದು ಅದೇ ಸರ್, ಸೇಮ್ ಪೀಸ್" ಅಂದ ಹುಡುಗ. ಬಾಕ್ಸ್ ತಿರುಗಿಸಿ ಸ್ಟಿಕರ್ ಓದಿದೆವು. ಹೆಸರು ಅದೇ, ಆದರೆ ಕೆಳಗಿನ ಉದ್ದದ ಕೋಡಿನ ಕೊನೆಯ ಅಕ್ಷರಗಳು ಬೇರೆ. ಫೋನಿನಲ್ಲಿ ಆ ಕೋಡ್ ಹಾಕಿ ಹುಡುಕಿದರೆ ರ‍್ಯಾಮ್ 8 ಜಿಬಿ, ಅದೂ ಬೋರ್ಡಿಗೆ ಬೆಸುಗೆ ಹಾಕಿದ್ದು, ಆಮೇಲೆ ಹೆಚ್ಚಿಸುವ ಹಾಗೂ ಇಲ್ಲ. ಹುಡುಗನ ತಪ್ಪು ಅಂತ ನನಗೆ ಅನಿಸಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಒಂದೇ ಹೆಸರಿನಡಿ ಕಂಪನಿಗಳು ಅಷ್ಟೊಂದು ಬಗೆ ಬಿಡುತ್ತವೆ. ಆದ್ದರಿಂದ ಪೂರ್ತಿ ಕೋಡ್ ಬರೆದುಕೊಂಡು ಹೋಗಿ, ಒಂದೊಂದು ಅಕ್ಷರ ತಾಳೆ ನೋಡಿ.

ಕೋಡ್ ಸರಿ ಹೊಂದಿದ ಮೇಲೆ ಆನ್‌ಲೈನ್ ಬೆಲೆ ತೋರಿಸಿ ಚೌಕಾಸಿ ಮಾಡಿ, ನಾಚಿಕೆ ಎಂತಕ್ಕೆ? ಆದರೆ ಆ ಬೆಲೆ ಯಾವುದೋ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಇದ್ದರೆ ಮಾತ್ರ ಸಿಗುವ ಬೆಲೆಯಾಗಿದ್ದು, ಆ ಕಾರ್ಡ್ ನಿಮ್ಮ ಹತ್ತಿರ ಇಲ್ಲದಿದ್ದರೆ ಅದು ನಿಮ್ಮ ಬೆಲೆಯಲ್ಲ. ಅಂಗಡಿಯವರು ಪೂರ್ತಿ ಇಳಿಯುವುದಿಲ್ಲ. ಸಾವಿರ, ಒಂದೂವರೆ ಸಾವಿರ ಜಾಸ್ತಿ ಆದರೆ ನಾನು ಕೊಟ್ಟುಬಿಡುತ್ತೇನೆ. ಅದಕ್ಕಿಂತ ಮೇಲೆ ಹೋದರೆ ಎದ್ದು ಬರುತ್ತೇನೆ. ಬ್ಯಾಗು, ಮೌಸು ಅಂತ ಪುಕ್ಕಟೆ ಕೊಡುವುದಕ್ಕೆ ಮರುಳಾಗಬೇಡಿ, ಅದರ ಬದಲು ಎರಡನೇ ವರ್ಷದ ವಾರಂಟಿಯನ್ನ ಕಡಿಮೆಗೆ ಕೇಳಿ. ಅದೂ ಕಂಪನಿಯ ವಾರಂಟಿಯೇ ಇರಬೇಕು, ಅಂಗಡಿಯವರು ಚೀಟಿಯಲ್ಲಿ ಬರೆದುಕೊಡುವುದಲ್ಲ.

ಕಂತಿನ ಬಗ್ಗೆ ಒಂದು ಮಾತು. "ನೋ ಕಾಸ್ಟ್ ಇಎಂಐ" ಅಂದರೆ ಬಡ್ಡಿ ಇಲ್ಲ ಅಂತ ಅಲ್ಲ, ಬಡ್ಡಿಯಷ್ಟು ಡಿಸ್ಕೌಂಟ್ ಮೊದಲೇ ಕಳೆದು ತೋರಿಸುತ್ತಾರೆ, ಬ್ಯಾಂಕ್ ಬಡ್ಡಿ ಹಾಕಿಯೇ ಹಾಕುತ್ತದೆ. ರಿಸರ್ವ್ ಬ್ಯಾಂಕ್ 2013ರಲ್ಲೇ ಶೂನ್ಯ ಬಡ್ಡಿ ಅನ್ನುವಂಥದ್ದು ಇಲ್ಲ ಅಂತ ಹೇಳಿತ್ತು. 60,000 ರೂಪಾಯಿಯ ಲ್ಯಾಪ್‌ಟಾಪಿಗೆ ಆರು ತಿಂಗಳ ಕಂತು, ವರ್ಷಕ್ಕೆ 15% ಬಡ್ಡಿ ಅಂತ ಹಿಡಿದರೆ ಬಡ್ಡಿಯೇ ಸುಮಾರು ಎರಡೂವರೆ ಸಾವಿರ. ಅದು ಡಿಸ್ಕೌಂಟಲ್ಲಿ ಸರಿ ಹೋಯಿತು ಅನ್ನಿ. ಆ ಬಡ್ಡಿಯ ಮೇಲೆ 18% ಜಿಎಸ್‌ಟಿ, ಅಂದರೆ 450 ರೂಪಾಯಿ ಆಸುಪಾಸು, ನಿಮ್ಮ ಕಿಸೆಯಿಂದ. ಪ್ರೊಸೆಸಿಂಗ್ ಫೀ ಬೇರೆ. ಇದು ದೊಡ್ಡ ಮೊತ್ತ ಅಲ್ಲ, ಆದರೆ ಪೂರ್ತಿ ದುಡ್ಡು ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತೀರಿ ಅಂತ ಕೇಳಿದ ಮೇಲೆಯೇ ಕಂತಿಗೆ ಒಪ್ಪಿಕೊಳ್ಳಿ.

ಅವಸರ ಇಲ್ಲದಿದ್ದರೆ ಕಾಯಿರಿ. ಕಾಲೇಜಿನ ಲ್ಯಾಬ್ ಇದೆ, ಮೊದಲ ಒಂದೆರಡು ತಿಂಗಳು ಹೇಗೂ ನಡೆಯುತ್ತದೆ. ಆನ್‌ಲೈನಿನ ದೊಡ್ಡ ಮಾರಾಟ ಸಾಮಾನ್ಯವಾಗಿ ಜುಲೈಯಲ್ಲಿ, ಆಗಸ್ಟ್ 15ರ ಸುತ್ತ, ಮತ್ತೆ ದಸರಾ ಹತ್ತಿರ ಬರುತ್ತದೆ. ಚೌತಿ, ದೀಪಾವಳಿಗೆ ಊರಿನ ಅಂಗಡಿಗಳೂ ಆಫರ್ ಇಡುತ್ತವೆ. ಕಂಪನಿಗಳ ಸ್ವಂತ ವೆಬ್‌ಸೈಟನ್ನೂ ಒಮ್ಮೆ ನೋಡಿ. ಆಪಲ್, ಎಚ್‌ಪಿ, ಲೆನೊವೊ, ಡೆಲ್ ಎಲ್ಲದರಲ್ಲೂ ವಿದ್ಯಾರ್ಥಿಗಳಿಗೆ ಬೇರೆ ಬೆಲೆ ಇರುತ್ತದೆ, ಕಾಲೇಜಿನ ಐಡಿ ಕೇಳಬಹುದು.

ಇಷ್ಟಾದ ಮೇಲೂ ಆನ್‌ಲೈನೇ ಸರಿ ಅಂತಾದರೆ ಮಾರುವವರ ಹೆಸರು ನೋಡದೆ ಬಟನ್ ಒತ್ತಬೇಡಿ. ಓಪನ್ ಬಾಕ್ಸ್ ಡೆಲಿವರಿ ಇದ್ದರೆ ಅದನ್ನೇ ಆರಿಸಿ, ತಂದವರ ಎದುರೇ ಬಿಚ್ಚಿಸಿ. ಇಲ್ಲದಿದ್ದರೆ ಪ್ಯಾಕೆಟ್ಟಿನ ಆರೂ ಬದಿ ತೋರಿಸಿ, ಟೇಪು ಕತ್ತರಿಸುವುದರಿಂದ ಸೀರಿಯಲ್ ನಂಬರ್ ತನಕ ನಿಲ್ಲಿಸದೆ ವಿಡಿಯೋ ಮಾಡಿ. ಮಳೆಗಾಲದಲ್ಲಿ ಬಾಕ್ಸ್ ಮೂಲೆ ಒದ್ದೆಯಾಗಿ ಮೆತ್ತಗಾಗಿದ್ದರೆ ತಗೊಳ್ಳಲೇಬೇಡಿ. ಬಂದ ದಿನವೇ ಆನ್ ಮಾಡಿ, ಕೀಬೋರ್ಡಿನ ಎಲ್ಲ ಕೀ, ಎಲ್ಲ ಯುಎಸ್‌ಬಿ ಕಿಂಡಿ, ಕ್ಯಾಮೆರಾ, ವೈಫೈ ನೋಡಿ. ಶನಿವಾರ ನೋಡಿದರಾಯಿತು ಅಂತ ಇಟ್ಟರೆ ಆ ಏಳು ದಿನ ಸುಮ್ನೆ ಕಳೆದುಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಬೇಕಾದವರಿಗೆ ಮಣಿಪಾಲ ಒಳ್ಳೆಯ ಜಾಗ. ಕೋರ್ಸ್ ಮುಗಿಸಿ ಊರಿಗೆ ಹೊರಡುವ ಮಕ್ಕಳು ಮಾರುತ್ತಾರೆ. ಆದರೆ ನಮ್ಮ ಕರಾವಳಿಯಲ್ಲಿ ಮೊದಲು ನೋಡಬೇಕಾದ್ದು ತುಕ್ಕು. ಲ್ಯಾಪ್‌ಟಾಪ್ ತಿರುಗಿಸಿ ಅಡಿಯ ಸ್ಕ್ರೂ ನೋಡಿ, ಟಾರ್ಚ್ ಬಿಟ್ಟು ಯುಎಸ್‌ಬಿ ಕಿಂಡಿಯ ಅಂಚು ನೋಡಿ. ಮಲ್ಪೆಯ ಕಡೆ ಕಡಲ ಗಾಳಿಗೆ ಮೂರು ವರ್ಷ ತೆರೆದಿಟ್ಟ ಲ್ಯಾಪ್‌ಟಾಪ್ ಹೊರಗೆ ಫಳಫಳ ಅಂದರೂ ಅಲ್ಲಿ ಕೆಂಪು ಪುಡಿ ಕಾಣುತ್ತದೆ. ವಿಂಡೋಸಿನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯಬಹುದು, ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಅಂತ ಎರಡು ಅಂಕೆ ಕೊಡುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ಹಾಗಾಗಿ ವಿಂಡೋಸ್ 11 ಹಾಕಲು ಬಾರದ ಹಳೇದು ಎಷ್ಟು ಕಡಿಮೆಗೆ ಸಿಕ್ಕರೂ ಬೇಡ. ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದು ಇರಬೇಕು.

ಎಲ್ಲಿಂದ ತಗೊಂಡರೂ ಜಿಎಸ್‌ಟಿ ಬಿಲ್ ಬೇಕು, ಅದರಲ್ಲಿ ಸೀರಿಯಲ್ ನಂಬರ್ ಇರಬೇಕು. "ಬಿಲ್ ಬೇಡ ಅಂದ್ರೆ ಸ್ವಲ್ಪ ಕಮ್ಮಿ ಮಾಡ್ತೇವೆ" ಅಂದರೆ ಮುಂದಿನ ಅಂಗಡಿಗೆ ನಡೆಯಿರಿ. ಸ್ವಂತ ವ್ಯಾಪಾರ ಇರುವ ಕೆಲವು ಪೋಷಕರು ಬಿಲ್ಲಿನ 18% ತೆರಿಗೆ ವಾಪಸ್ ಬರುತ್ತದೆ ಅಂತ ತಮ್ಮ ಅಂಗಡಿಯ ಜಿಎಸ್‌ಟಿ ನಂಬರ್ ಹಾಕಿಸುತ್ತಾರೆ. ಮಗಳ ಓದಿಗೆ ತಗೊಂಡದ್ದಕ್ಕೆ ಆ ಲಾಭ ಇಲ್ಲ. ಮೇಲಾಗಿ ನಾಳೆ ದೂರು ಕೊಡುವಾಗ "ಇದು ವ್ಯಾಪಾರಕ್ಕೆ ತಗೊಂಡದ್ದು, ನೀವು ಗ್ರಾಹಕರೇ ಅಲ್ಲ" ಅಂತ ಎದುರಿನವರು ವಾದ ಮಾಡಬಹುದು. ಬಿಲ್ ಸರಿಯಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಹೇಳಬಹುದು. ಅದರಲ್ಲೂ ಆಗದಿದ್ದರೆ, 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ಇರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗಬಹುದು, ಮಾರಿದವರು ದೆಹಲಿಯಲ್ಲಿದ್ದರೂ. ಐದು ಲಕ್ಷದೊಳಗಿನ ಸಾಮಾನಿಗೆ ಅಲ್ಲಿ ಫೀಸೂ ಇಲ್ಲ.

ತಂಗಿಯ ಮಗಳದ್ದು ಕೊನೆಗೆ ಉಡುಪಿಯಲ್ಲೇ ಆಯಿತು, ಬೇರೆ ಅಂಗಡಿಯಲ್ಲಿ, ಸರಿಯಾದ ಕೋಡಿನದ್ದು, ಆನ್‌ಲೈನಿಗಿಂತ 900 ರೂಪಾಯಿ ಜಾಸ್ತಿ ಕೊಟ್ಟು. ಮಾರ್ಚಿನಲ್ಲಿ ಚಾರ್ಜರ್ ಕೈಕೊಟ್ಟಾಗ ಅಂಗಡಿಯವರೇ ಬದಲಿಸಿ ತರಿಸಿದರು, ಅವಳು ಕ್ಲಾಸ್ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಪುಕ್ಕಟೆ ಕೊಟ್ಟ ಬ್ಯಾಗಿನ ಜಿಪ್ ಮಾತ್ರ ಎರಡನೇ ವಾರಕ್ಕೇ ಕಿತ್ತುಹೋಗಿತ್ತು.